ನಾಯಿಕೆಮ್ಮು ತಂದವರು ಯಾರು?

ಪ್ರಶ್ನೆ: ಅಮೆರಿಕದಲ್ಲಿ ನನ್ನ ಮೊಮ್ಮಗನ ಶಾಲೆಯಲ್ಲಿ ನಾಯಿಕೆಮ್ಮು ಹರಡಿದೆ. ಬ್ಯಾಕ್ಟೀರಿಯಾದ ಡಿಎನ್‌ಎ ಬೆರಳಚ್ಚು ತೆಗೆದರೆ ಅದನ್ನು ಮೊದಲು ತಂದ ಮಗು ಯಾವುದೆಂದು ತಿಳಿಯುವುದಿಲ್ಲವೇ?

ಉತ್ತರ: ತಿಳಿಯುವುದಿಲ್ಲ. ಈ ಪ್ರಶ್ನೆ ನನಗೆ ಹಲವು ವೇಷಗಳಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಿಗೆ ಬೇಕಾಗಿರುವುದು ದೂರಲು ಒಬ್ಬ ಮನುಷ್ಯ. ಪೊಲೀಸರು ತೆಗೆಯುವ ಬೆರಳಚ್ಚು ಒಬ್ಬ ವ್ಯಕ್ತಿಯದು. ಪ್ರಯೋಗಾಲಯದಲ್ಲಿ ನಾವು ತೆಗೆಯುವುದು ಬ್ಯಾಕ್ಟೀರಿಯಾದ ಒಂದು ತಳಿಯದು, ಮತ್ತು ಅದೇ ತಳಿ ಸಾವಿರಾರು ಗಂಟಲುಗಳಲ್ಲಿ ಇರಬಹುದು. ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಬೊರ್ಡೆಟೆಲ್ಲಾ ಪರ್ಟುಸಿಸ್‌ನ ಡಿಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ದಿಕ್ಕು ಬದಲಿಸುತ್ತಿರುವ ವಿದ್ಯುತ್ ಕ್ಷೇತ್ರದಲ್ಲಿ ಜೆಲ್ ಎಂಬ ಲೋಳೆಯಂಥ ಹಾಳೆಯೊಳಗೆ ಹರಿಯಬಿಟ್ಟಾಗ ಮೂಡುವ ಪಟ್ಟೆಗಳ ಸಾಲೇ ಆ ಬೆರಳಚ್ಚು. ಇಬ್ಬರು ರೋಗಿಗಳ ಸಾಲುಗಳು ಬೇರೆಯಾಗಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಅಂಟಿಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಒಂದೇ ಆಗಿದ್ದರೆ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಇಡೀ ಜೀನೋಮನ್ನೇ, ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೆಲ್ಲ ಅಕ್ಷರಕ್ಷರವಾಗಿ, ಓದಿದರೂ ಈ ತೊಡಕು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಸುಮಾರು 41 ಲಕ್ಷ ಅಕ್ಷರಗಳ ಆ ಬರಹದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಅಕ್ಷರ ಬದಲಾಗುತ್ತದೆ, ಆದರೆ ಕೆಮ್ಮು ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಒಂದೆರಡು ವಾರ ಸಾಕು. 2012ರಲ್ಲಿ ಅಮೆರಿಕದಲ್ಲಿ 48,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದಾಗ ವಾಷಿಂಗ್ಟನ್ ರಾಜ್ಯದ ಮಾದರಿಗಳಲ್ಲಿ ಕಂಡದ್ದು ಒಂದು ಬೆರಳಚ್ಚಲ್ಲ, ಹಲವು. ಅಂದರೆ ಅನೇಕ ತಳಿಗಳು ಒಟ್ಟಿಗೆ ಸುತ್ತುತ್ತಿದ್ದವು. ನನ್ನ ವರದಿಗಳಲ್ಲಿ ‘ಹೊಂದುತ್ತದೆ’ ಎಂದು ಬರೆದಿದ್ದೇನೆಯೇ ಹೊರತು ‘ಇವರಿಂದ ಬಂತು’ ಎಂದು ಎಂದೂ ಬರೆದಿಲ್ಲ.

ಅದೂ ಸಾಧ್ಯವಾಗಬೇಕಾದರೆ ಜೀವಂತ ಬ್ಯಾಕ್ಟೀರಿಯಾ ಕೈಗೆ ಸಿಗಬೇಕು. ಇಂದಿನ ವೈದ್ಯರು ಡಿಎನ್‌ಎ ತುಣುಕನ್ನಷ್ಟೇ ಹುಡುಕುವ ಪಿಸಿಆರ್ ಪರೀಕ್ಷೆಯ ಫಲಿತಾಂಶ ಬಂದೊಡನೆ ತೃಪ್ತರಾಗಿ, ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಲು, ಸ್ವಾಬ್ ಕಳುಹಿಸುವುದನ್ನೇ ಮರೆಯುತ್ತಾರೆ. ಪಿಸಿಆರ್ ಹುಡುಕುವ ತುಣುಕು ಒಂದು ಬ್ಯಾಕ್ಟೀರಿಯಾದಲ್ಲೇ 200ಕ್ಕೂ ಹೆಚ್ಚು ಬಾರಿ ಇರುವುದರಿಂದ ಕಣದಷ್ಟು ಕಲಬೆರಕೆಯೂ ಪಾಸಿಟಿವ್ ಎನ್ನಿಸಬಲ್ಲದು. 2006ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಆಸ್ಪತ್ರೆಯೊಂದರಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ಎಂದು ಪಿಸಿಆರ್ ಹೇಳಿತು. ಕಲ್ಚರ್‌ನಲ್ಲಿ ಒಬ್ಬರದ್ದೂ ಬೆಳೆಯಲಿಲ್ಲ. ಬೆರಳಚ್ಚು ತೆಗೆಯಲು ಬೆರಳೇ ಇರಲಿಲ್ಲ!

ಪ್ರಶ್ನೆ: ಲಸಿಕೆ ಹಾಕಿಸಿದ ಮಗುವಿಗೂ ಬಂತಲ್ಲ, ಲಸಿಕೆ ವ್ಯರ್ಥವೇ?

ಉತ್ತರ: ಅಲ್ಲ. ರಕ್ಷಣೆ ವರ್ಷಗಳೊಂದಿಗೆ ಕುಗ್ಗುತ್ತದೆ. ಬೂಸ್ಟರ್ ಇರುವುದು ಅದಕ್ಕಾಗಿಯೇ.

ಪ್ರಶ್ನೆ: ಕತ್ತೆ ಹಾಲು ಕುಡಿಸಬಹುದೇ?

ಉತ್ತರ: ಬೇಡ. ಕತ್ತೆ ಹಾಲು ಮಾರುವವನು ಬೀದಿ ದಾಟಿ ಹೋಗುತ್ತಾನೆ, ಕೂಸು ನಿಮ್ಮ ಮಡಿಲಲ್ಲೇ ಉಳಿಯುತ್ತದೆ. ಎರಡು ತಿಂಗಳ ಕೂಸು ಈ ರೋಗದಲ್ಲಿ ಕೆಮ್ಮದೆಯೇ ಉಸಿರು ನಿಲ್ಲಿಸಬಹುದು. ನಾಯಿಕೆಮ್ಮಿನ ಸಂಶಯ ಬಂದ ದಿನವೇ ಆಸ್ಪತ್ರೆಗೆ ಹೋಗಿ.