ಒಂದೇ ರೀಸ್ಲಿಂಗ್, ಎರಡು ರುಚಿ ಯಾಕೆ?

ಜರ್ಮನಿಯ ಮೋಸೆಲ್‌ನ ರೀಸ್ಲಿಂಗ್ ವೈನ್ ಸಿಹಿಯಾಗಿತ್ತು, ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯದು ನಾಲಿಗೆ ಚುರುಗುಟ್ಟುವಷ್ಟು ಹುಳಿ, ಎರಡೂ ಒಂದೇ ದ್ರಾಕ್ಷಿಯಾ ಅಂತ ಕೇಳಿದ್ದೀರಿ. ಹೌದು, ಒಂದೇ. ರೀಸ್ಲಿಂಗ್ ಅಂದರೆ ಬಿಳಿ ವೈನ್ ಮಾಡುವ ಒಂದು ದ್ರಾಕ್ಷಿ ತಳಿ.

ರೀಸ್ಲಿಂಗ್‌ನಲ್ಲಿ ಹುಳಿ ಹುಟ್ಟಿನಿಂದಲೇ ಜಾಸ್ತಿ. ಮೋಸೆಲ್ ತಂಪು ಕಣಿವೆ, ನದಿ ಪಕ್ಕದ ಕಡಿದಾದ ಇಳಿಜಾರು, ಸ್ಲೇಟು ಕಲ್ಲಿನ ನೆಲ. ಅಲ್ಲಿ ಎಷ್ಟೋ ಜನ ರಸದ ಸಕ್ಕರೆಯೆಲ್ಲ ಆಲ್ಕೋಹಾಲ್ ಆಗುವ ಮೊದಲೇ ಹುದುಗುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇ. 8ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಸಿಹಿಯ ಕೆಳಗೂ ಹುಳಿ ಇದ್ದೇ ಇರುತ್ತದೆ, ಅದಕ್ಕೇ ಅದು ಬಾಯಿಗೆ ಜಿಗುಟು ಅನ್ನಿಸುವುದಿಲ್ಲ. ನನಗೆ ರೀಸ್ಲಿಂಗ್ ಇಷ್ಟವಾಗುವುದೇ ಈ ಎಳೆದಾಟಕ್ಕೆ.

ಕ್ಲೇರ್‌ನಲ್ಲಿ ಸಾಮಾನ್ಯವಾಗಿ ಸಕ್ಕರೆ ಪೂರ್ತಿ ಹುದುಗಲು ಬಿಡುತ್ತಾರೆ. ಉಳಿಯುವುದು ನಿಂಬೆಯಂಥ ಹುಳಿ, ಒಣ ರುಚಿ, ಅಂದರೆ ಸಿಹಿ ಇಲ್ಲದ್ದು. ಫ್ರಾನ್ಸಿನ ಅಲ್ಸಾಸ್‌ನದೂ ಹೆಚ್ಚಾಗಿ ಒಣವೇ, ಆದರೆ ಇನ್ನೂ ಸ್ವಲ್ಪ ಮೈತುಂಬಿದ, ಅಂದರೆ ಬಾಯಲ್ಲಿ ದಟ್ಟ ಅನ್ನಿಸುವ ವೈನ್.

ಕೊಳ್ಳುವಾಗ ಲೇಬಲ್‌ನಲ್ಲಿ ಆಲ್ಕೋಹಾಲ್ ಪ್ರಮಾಣ ನೋಡಿ. ಶೇ. 9ಕ್ಕಿಂತ ಕಡಿಮೆ ಇದ್ದರೆ ಸಿಹಿ ಇರುತ್ತದೆ ಅಂದುಕೊಳ್ಳಿ. 12 ದಾಟಿದರೆ ಬಹುತೇಕ ಒಣ. ಜರ್ಮನ್ ಬಾಟಲಿಯ ಮೇಲೆ 'ಟ್ರೋಕನ್' (Trocken) ಅಂತಿದ್ದರೆ ಅದು ಒಣ ವೈನ್.

ಇನ್ನೊಂದು ವಿಷಯ. ಹಳೆಯ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆಯಂಥ ವಾಸನೆ ಬಂದರೆ ಕೆಟ್ಟಿದೆ ಅಂತ ಸುಮ್ನೆ ಚೆಲ್ಲಬೇಡಿ. ವಯಸ್ಸಾದಂತೆ ಅದು ತಾನಾಗಿ ಬರುತ್ತದೆ, ಬಿಸಿಲು ಜಾಸ್ತಿ ಬಿದ್ದ ಹಣ್ಣಾದರೆ ಬೇಗ ಬರುತ್ತದೆ.

ಮುಂದಿನ ಸಲ ಮೋಸೆಲ್‌ನದೇ ಒಂದು ಟ್ರೋಕನ್ ತಂದು, ಅಲ್ಲಿನ ಸಿಹಿ ವೈನ್ ಪಕ್ಕ ಇಟ್ಟು ಕುಡಿದು ನೋಡಿ. ತೀರಾ ತಣ್ಣಗೆ ಮಾಡಬೇಡಿ, ಪರಿಮಳ ಮುಚ್ಚಿಹೋಗುತ್ತದೆ.