ಸಿಂಥ್ ಸಂದೇಹ: ಯಂತ್ರದ ಗುಣವೋ, ಕೋಡಿನ ಎಡವಟ್ಟೋ?

ಹಳೆಯ ಅನಲಾಗ್ ಸಿಂಥಸೈಜರ್‌ಗಳನ್ನು ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತಿರುವವರ ನಾಲ್ಕು ಪತ್ರಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಿನಿಮೂಗ್ (ಮೂಗ್ ಕಂಪನಿಯ ಹಳೆಯ ಅನಲಾಗ್ ಸಿಂಥ್) ಮಾದರಿಯ ಲ್ಯಾಡರ್ ಫಿಲ್ಟರ್, ಅಂದರೆ ಕಟ್‌ಆಫ್ ಎಂಬ ಗಡಿಯ ಮೇಲಿನ ಆವರ್ತನಗಳನ್ನು ತಗ್ಗಿಸುವ ಭಾಗ, ಬರೆದಿದ್ದೇನೆ. ರೆಸೊನೆನ್ಸ್ (ಫಿಲ್ಟರ್‌ನ ಔಟ್‌ಪುಟನ್ನು ಮತ್ತೆ ಒಳಗೆ ಬಿಡುವ ಫೀಡ್‌ಬ್ಯಾಕ್) ಪೂರ್ತಿ ಏರಿಸಿ ಫಿಲ್ಟರ್‌ನ ಸಿಳ್ಳೆಯನ್ನೇ ಕೀಬೋರ್ಡ್‌ನಿಂದ ನುಡಿಸಿದರೆ, ಕೆಳಗಿನ ಸ್ವರಗಳಲ್ಲಿ ಶ್ರುತಿ ಹೆಚ್ಚುಕಡಿಮೆ ಕೂಡುತ್ತದೆ, ಮೇಲೆ ಹೋದಷ್ಟೂ ಇಳಿಯುತ್ತದೆ. ಫೀಡ್‌ಬ್ಯಾಕ್ ಗುಣಕ 4 ಆದಾಗ ಹುಟ್ಟಬೇಕಾದ ಸಿಳ್ಳೆ ಎರಡೂವರೆಗೇ ಶುರುವಾಗುತ್ತದೆ. ರೆಸೊನೆನ್ಸ್ ಏರಿಸಿದರೆ ಬೇಸ್ ಕೂಡ ಮಾಯ. ಮೂರನ್ನೂ ಸರಿಪಡಿಸುವುದು ಹೇಗೆ?

ಉತ್ತರ: ಮೊದಲಿನ ಎರಡಕ್ಕೂ ಕಾರಣ ಒಂದೇ. ಮೂರನೆಯದು ದೋಷವೇ ಅಲ್ಲ.

ಲ್ಯಾಡರ್‌ನಲ್ಲಿ ನಾಲ್ಕು ಹಂತಗಳಿವೆ. ಕಟ್‌ಆಫ್ ಆವರ್ತನದಲ್ಲಿ ಪ್ರತಿ ಹಂತವೂ ಸಿಗ್ನಲ್‌ನ ಫೇಸನ್ನು (ಅಲೆಯ ಸುತ್ತಿನಲ್ಲಿ ಅದರ ಸ್ಥಾನ) 45 ಡಿಗ್ರಿ ಹಿಂದೆ ತಳ್ಳಿ, ಮಟ್ಟವನ್ನು 0.707ಕ್ಕೆ ಇಳಿಸುತ್ತದೆ. ನಾಲ್ಕೂ ಸೇರಿದರೆ ಫೇಸ್ 180 ಡಿಗ್ರಿ, ಮಟ್ಟ ಕಾಲು ಭಾಗ. ಇದನ್ನು ತಲೆಕೆಳಗು ಮಾಡಿ, 4ರಿಂದ ಗುಣಿಸಿ ಮತ್ತೆ ಒಳಗೆ ಬಿಟ್ಟರೆ ಸುತ್ತು ತಾನಾಗಿಯೇ ನಡೆಯುತ್ತದೆ, ಅದೇ ಸಿಳ್ಳೆ. ಆದರೆ ನಿಮ್ಮ ಲಕ್ಷಣಗಳನ್ನು ನೋಡಿದರೆ, ಫೀಡ್‌ಬ್ಯಾಕ್‌ಗೆ ಹೋಗುತ್ತಿರುವುದು ಹಿಂದಿನ ಸ್ಯಾಂಪಲ್‌ನ (ಸದ್ದಿನ ಒಂದೊಂದು ಅಳತೆಯೂ ಒಂದು ಸ್ಯಾಂಪಲ್) ಔಟ್‌ಪುಟ್. ಆ ಒಂದು ಸ್ಯಾಂಪಲ್ ತಡವೂ ಫೇಸ್ ತಿನ್ನುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ, 5000 ಹರ್ಟ್ಜ್‌ನಲ್ಲಿ ಅದರ ಪಾಲು ಸುಮಾರು 41 ಡಿಗ್ರಿ. ಉಳಿದ 139 ಡಿಗ್ರಿಯನ್ನಷ್ಟೇ ನಾಲ್ಕು ಹಂತಗಳು ಹಂಚಿಕೊಳ್ಳುತ್ತವೆ, ತಲಾ 35ಕ್ಕಿಂತ ತುಸು ಕಡಿಮೆ. ಅಂದರೆ 5000 ಹರ್ಟ್ಜ್‌ನ ಸಿಳ್ಳೆ ಬೇಕಾದರೆ ಕಟ್‌ಆಫನ್ನು 7200ರ ಹತ್ತಿರ ಇಡಬೇಕು. ಆರು ಸೆಮಿಟೋನ್‌ಗೂ ಹೆಚ್ಚಿನ ವ್ಯತ್ಯಾಸ! 200 ಹರ್ಟ್ಜ್‌ನಲ್ಲಿ ಇದೇ ವ್ಯತ್ಯಾಸ ಕಾಲು ಸೆಮಿಟೋನ್ ಮಾತ್ರ, ಅದಕ್ಕೇ ಕೆಳಗೆ ಕಿವಿಗೆ ಬೀಳಲಿಲ್ಲ. ಹಂತಗಳು ಕಡಿಮೆ ತಿರುಗಿಸಿದಾಗ ಮಟ್ಟವೂ ಕಡಿಮೆ ಇಳಿಯುತ್ತದೆ. ಹಾಗಾಗಿ 5000ದಲ್ಲಿ ಗುಣಕ 2.2 ಆದಾಗಲೇ ಸಿಳ್ಳೆ ಎದ್ದುಬಿಡುತ್ತದೆ.

ಓವರ್‌ಸ್ಯಾಂಪ್ಲಿಂಗ್ (ಒಳಗಿನ ಲೆಕ್ಕವನ್ನು ಇನ್ನೂ ಹೆಚ್ಚಿನ ಸ್ಯಾಂಪಲ್ ದರದಲ್ಲಿ ನಡೆಸುವುದು) ಮಾಡಿದರೆ ಸಾಕು ಎನ್ನುವವರಿದ್ದಾರೆ. ಸಾಲದು. ನಾಲ್ಕು ಪಟ್ಟು ಏರಿಸಿದರೂ ಕಟ್‌ಆಫ್ 5470ರ ಆಸುಪಾಸಿನಲ್ಲೇ ಇರಬೇಕಾಗುತ್ತದೆ. ಇನ್ನೂ ಒಂದೂವರೆ ಸೆಮಿಟೋನ್ ತಪ್ಪು. ತಿದ್ದುಪಡಿಯ ಕೋಷ್ಟಕ ಹಾಕಿ ಮುಚ್ಚಿಹಾಕುವುದೂ ಉಂಟು, ಆದರೆ ಸ್ಯಾಂಪಲ್ ದರ ಬದಲಾದ ದಿನ ಅದು ಕೈಕೊಡುತ್ತದೆ. ನೇರ ದಾರಿಯೆಂದರೆ ತಡವನ್ನೇ ತೆಗೆಯುವುದು.

ಲೆಕ್ಕ ಹೀಗೆ. ಗ = ಟ್ಯಾನ್(ಪೈ × ಕಟ್‌ಆಫ್ ÷ ಸ್ಯಾಂಪಲ್ ದರ); ಹ = ಗ ÷ (1 + ಗ). ನಾಲ್ಕು ಹಂತಗಳು ನೆನಪಿಟ್ಟುಕೊಂಡ ಮೌಲ್ಯಗಳು ನ1ರಿಂದ ನ4. ಮೊದಲು ಮೊತ್ತ ತೆಗೆಯಿರಿ: ಮ = (ಹ³ × ನ1 + ಹ² × ನ2 + ಹ × ನ3 + ನ4) ÷ (1 + ಗ). ಗುಣಕ ಕ ಆದರೆ, ಮೊದಲ ಹಂತಕ್ಕೆ ಹೋಗಬೇಕಾದದ್ದು (ಇನ್‌ಪುಟ್ − ಕ × ಮ) ÷ (1 + ಕ × ಹ⁴). ಆಮೇಲೆ ಪ್ರತಿ ಹಂತದ ಔಟ್‌ಪುಟ್ = ಹ × ಒಳಬಂದದ್ದು + ನ ÷ (1 + ಗ); ಹೊಸ ನ = 2 × ಔಟ್‌ಪುಟ್ − ಹಳೆಯ ನ. ಕೊನೆಯ ಸಾಲಿನಲ್ಲಿ ಹಳೆಯ ನ ಬದಲು ಆಗಲೇ ಬದಲಾದ ನ ಬಳಸಿಬಿಡುವುದೇ ಸಾಮಾನ್ಯ ತಪ್ಪು.

ಇಷ್ಟಾದ ಮೇಲೆ ಮೊದಲ ಹಂತಕ್ಕೆ ಹೋಗುವ ಮೌಲ್ಯವನ್ನು ಟ್ಯಾನ್‌ಎಚ್‌ನಲ್ಲಿ (ದೊಡ್ಡ ಮೌಲ್ಯಗಳನ್ನು −1ರಿಂದ +1ರೊಳಗೆ ಅದುಮುವ ಗಣಿತದ ಫಲನ) ಹಾಯಿಸಿ, ಇಲ್ಲವಾದರೆ 4 ದಾಟಿದ ಕೂಡಲೇ ಮಟ್ಟ ಮಿತಿಮೀರಿ ಬೆಳೆಯುತ್ತದೆ. ಟ್ಯಾನ್‌ಎಚ್ ಇದ್ದಾಗ ಸಿಳ್ಳೆ ಅಡಗದೆ ಉಳಿಯಲು 4ಕ್ಕಿಂತ ತುಸು ಮೇಲೆ, 4.1ರಷ್ಟು ಬೇಕು. ಇನ್ನೊಂದು ವಿಷಯ: ಅಪ್ಪಟ ಸೊನ್ನೆಯಿಂದ ಸಿಳ್ಳೆ ಹುಟ್ಟುವುದಿಲ್ಲ. ಅಸಲಿ ಸರ್ಕ್ಯೂಟ್‌ನಲ್ಲಿ ಸದಾ ಒಂದಿಷ್ಟು ನಾಯ್ಸ್ ಇರುತ್ತದೆ, ನೀವೂ 0.00001ರಷ್ಟು ಬೆರೆಸಿ.

ಬೇಸ್ ವಿಚಾರ. ಕ ಗುಣಕಕ್ಕೆ ಕೆಳಗಿನ ಆವರ್ತನಗಳ ಮಟ್ಟ 1 ÷ (1 + ಕ). 4ರಲ್ಲಿ ಅದು ಐದನೇ ಒಂದು, ಅಂದರೆ 14 ಡೆಸಿಬೆಲ್ ಇಳಿಕೆ. ಲ್ಯಾಡರ್ ಇರುವುದೇ ಹಾಗೆ. ಇನ್‌ಪುಟನ್ನು (1 + ಕ) ಇಂದ ಗುಣಿಸಿ ಪೂರ್ತಿ ತುಂಬಿಕೊಟ್ಟರೆ ಬೇಸ್ ಬರುತ್ತದೆ, ಮೂಗ್ ಹೋಗುತ್ತದೆ. ಬೇಕೇಬೇಕೆಂದರೆ (1 + ಕ ÷ 2) ಇಟ್ಟು ಅದಕ್ಕೊಂದು ಸ್ವಿಚ್ ಕೊಡಿ, ಮೊದಲಿಗೆ ಆಫ್ ಆಗಿರಲಿ.

ಪ್ರಶ್ನೆ: ಸಾ ಅಲೆಯ (ಗರಗಸದ ಹಲ್ಲಿನ ಆಕಾರದ ಅಲೆ) ಮೇಲಿನ ಸ್ವರಗಳಲ್ಲಿ ಮರಳು ತುಳಿದಂತೆ ಸದ್ದು. ಅದು ಹಳೆಯ ಯಂತ್ರದ ಒರಟುತನ, ಇರಲಿ ಬಿಡು ಎನ್ನುತ್ತಾರೆ ಗೆಳೆಯರು. ಸ್ಯಾಂಪಲ್ ದರ 96,000 ಮಾಡಿದರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಉತ್ತರ: ಒಂದು ಸ್ವರ ಹಿಡಿದು ಪಿಚ್ ಬೆಂಡ್ ಗಾಲಿಯನ್ನು ಮೆಲ್ಲಗೆ ಮೇಲೆತ್ತಿ. ಅಸಲಿ ಹಾರ್ಮೋನಿಕ್‌ಗಳೆಲ್ಲ (ಮೂಲ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನ ಆವರ್ತನಗಳು) ಮೇಲೇರುತ್ತವೆ. ಯಾವುದಾದರೂ ಎಳೆ ಕೆಳಗಿಳಿಯುವುದು ಕೇಳಿಸಿದರೆ ಅದು ಏಲಿಯಾಸಿಂಗ್, ಅಂದರೆ ಸ್ಯಾಂಪಲ್ ದರದ ಅರ್ಧವನ್ನು ಮೀರಿದ ಆವರ್ತನ ಕೆಳಕ್ಕೆ ಮಡಚಿಕೊಳ್ಳುವುದು. ಯಾವ ಅನಲಾಗ್ ಆಸಿಲೇಟರ್‌ನಲ್ಲೂ (ಅಲೆ ಹುಟ್ಟಿಸುವ ಭಾಗ) ಇಲ್ಲದ್ದು. ಗೆಳೆಯರಿಗೂ ಇದನ್ನೇ ಕೇಳಿಸಿ.

2093 ಹರ್ಟ್ಜ್‌ನ ಸ್ವರವನ್ನೇ ತೆಗೆದುಕೊಳ್ಳಿ. ಅದರ 21ನೇ ಹಾರ್ಮೋನಿಕ್ 43,953. 44,100ರ ದರದಲ್ಲಿ ಅದು ಮಡಚಿಕೊಂಡು 147 ಹರ್ಟ್ಜ್‌ಗೆ ಬಂದು ಕೂರುತ್ತದೆ, ಮೂಲ ಸ್ವರಕ್ಕಿಂತ ಎಷ್ಟೋ ಕೆಳಗೆ, ಕೇವಲ 26 ಡೆಸಿಬೆಲ್ ಕಡಿಮೆ ಮಟ್ಟದಲ್ಲಿ. 96,000ದಲ್ಲಿ 46ನೆಯದು 278ಕ್ಕೆ ಬೀಳುತ್ತದೆ, ಮಟ್ಟ 33 ಡೆಸಿಬೆಲ್ ಕಡಿಮೆ. ದರ ಎರಡು ಪಟ್ಟಿಗೂ ಮೀರಿ ಏರಿಸಿ ಗಳಿಸಿದ್ದು ಏಳು ಡೆಸಿಬೆಲ್.

ಪಾಲಿಬ್ಲೆಪ್ ಹಾಕಿ, ಅಲೆ ಒಮ್ಮೆಲೇ ಜಿಗಿಯುವ ಅಂಚನ್ನು ನಯಗೊಳಿಸುವ ತಿದ್ದುಪಡಿ ಅದು. ಅಲೆಯ ಒಂದು ಸುತ್ತಿನಲ್ಲಿ ಫೇಸ್ 0ರಿಂದ 1ರವರೆಗೆ ಓಡುತ್ತದೆ, ಒಂದು ಸ್ಯಾಂಪಲ್‌ಗೆ ಅದು ಚಲಿಸುವ ದೂರ ‘ದ’ ಎಂದಿಟ್ಟುಕೊಳ್ಳಿ. ಫೇಸ್ ‘ದ’ಗಿಂತ ಕಡಿಮೆ ಇದ್ದರೆ ಟ = ಫೇಸ್ ÷ ದ, ತಿದ್ದುಪಡಿ 2ಟ − ಟ² − 1. ಫೇಸ್ 1 − ದ ದಾಟಿದ್ದರೆ ಟ = (ಫೇಸ್ − 1) ÷ ದ, ತಿದ್ದುಪಡಿ ಟ² + 2ಟ + 1. ಇದನ್ನು −1ರಿಂದ +1ಕ್ಕೆ ಏರುವ ಸಾ ಅಲೆಯಿಂದ ಕಳೆಯಿರಿ. ಪಲ್ಸ್ ಅಲೆಗೆ ಎರಡು ಅಂಚು, ಎರಡಕ್ಕೂ ತಿದ್ದುಪಡಿ ಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಹಾರ್ಡ್ ಸಿಂಕ್‌ನಲ್ಲಿ (ಒಂದು ಆಸಿಲೇಟರ್ ಇನ್ನೊಂದರ ಅಲೆಯನ್ನು ಮೊದಲಿನಿಂದ ಶುರುಮಾಡಿಸುವುದು) ಜಿಗಿತದ ಎತ್ತರ ಪ್ರತಿ ಸಲ ಬೇರೆ, ಆದ್ದರಿಂದ ತಿದ್ದುಪಡಿಯನ್ನು ಆಯಾ ಎತ್ತರಕ್ಕೆ ತಕ್ಕಂತೆ ಕುಗ್ಗಿಸಬೇಕು. ಏಲಿಯಾಸಿಂಗ್ ಇದರಿಂದ ಪೂರ್ತಿ ಅಳಿಯುವುದಿಲ್ಲ. ಜೊತೆಗೆ ಎರಡು ಪಟ್ಟು ಓವರ್‌ಸ್ಯಾಂಪ್ಲಿಂಗ್ ಇದ್ದರೆ ಉಳಿದದ್ದು ಕಿವಿಗೆ ಹತ್ತದು. ಹೇಗೂ ಫಿಲ್ಟರ್‌ನ ಟ್ಯಾನ್‌ಎಚ್‌ಗೆ ಅದು ಬೇಕೇ ಬೇಕು.

ಪ್ರಶ್ನೆ: ರೋಲ್ಯಾಂಡ್ ಜೂನೋ-60 ಸಿಂಥ್ ಅನ್ನು ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತಿದ್ದೇನೆ. ಆಸಿಲೇಟರ್‌ಗಳಿಗೆ ಡ್ರಿಫ್ಟ್ (ಶ್ರುತಿ ತುಸುತುಸುವೇ ಜಾರುವುದು) ಸೇರಿಸಿದೆ, ಸೈನ್ ಅಲೆಯ ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ನಿಯಂತ್ರಕ ಅಲೆ) ಇಟ್ಟು ಕೋರಸ್ (ತುಸು ತಡವಾದ ಪ್ರತಿಯನ್ನು ಬೆರೆಸಿ ಸದ್ದನ್ನು ದಪ್ಪಗಾಗಿಸುವುದು) ಬರೆದೆ. ಸದ್ದು ಸಮುದ್ರದಲ್ಲಿ ತೂರಾಡಿದಂತಿದೆ, ಅಸಲಿಯ ನಯ ಇಲ್ಲ.

ಉತ್ತರ: ಡ್ರಿಫ್ಟ್ ತೆಗೆದುಬಿಡಿ. ಜೂನೋದ ಆಸಿಲೇಟರ್‌ಗಳು ಡಿಜಿಟಲ್ ಕ್ಲಾಕ್ ಎಣಿಸಿ ನಡೆಯುವಂಥವು. ಆರೂ ವಾಯ್ಸ್‌ಗಳಿಗೆ (ಒಟ್ಟಿಗೆ ನುಡಿಯಬಲ್ಲ ಸ್ವರಗಳು) ಆ ಕ್ಲಾಕ್ ಒಂದೇ, ಒಂದರ ಶ್ರುತಿ ಇನ್ನೊಂದರಿಂದ ಜಾರುವುದಿಲ್ಲ. ಡ್ರಿಫ್ಟ್ ಒಪ್ಪುವುದು ಮಿನಿಮೂಗ್‌ನಂಥ ವೋಲ್ಟೇಜ್ ಆಸಿಲೇಟರ್‌ಗಳಿಗೆ. ಅಲ್ಲೂ ಎರಡು-ಮೂರು ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ) ಸಾಕು. 440 ಹರ್ಟ್ಜ್‌ನಲ್ಲಿ ಮೂರು ಸೆಂಟ್ ಅಂತರವಿದ್ದರೆ ಸುಮಾರು 1.3 ಸೆಕೆಂಡಿಗೊಂದು ಬೀಟ್ ಬರುತ್ತದೆ. ಜೂನೋದಲ್ಲಿ ವಾಯ್ಸ್‌ಗಳ ನಡುವೆ ವ್ಯತ್ಯಾಸ ಬೇಕಿದ್ದರೆ ಅದನ್ನು ಫಿಲ್ಟರ್ ಕಟ್‌ಆಫ್‌ನಲ್ಲಿಡಿ.

ಜೂನೋದ ದಪ್ಪ ಇರುವುದು ಕೋರಸ್‌ನಲ್ಲಿ. ಡಿಲೇ ಸುಮಾರು 1.7ರಿಂದ 5.3 ಮಿಲಿಸೆಕೆಂಡ್ ನಡುವೆ ಹೋಗಿಬರುತ್ತದೆ, ಮೊದಲ ಗುಂಡಿಯಲ್ಲಿ ಸುಮಾರು 0.5 ಹರ್ಟ್ಜ್, ಎರಡನೆಯದರಲ್ಲಿ 0.8ರ ಆಸುಪಾಸು. ಅಲೆ ತ್ರಿಕೋನದ್ದು. ಡಿಲೇ ಒಂದೇ ವೇಗದಲ್ಲಿ ಬದಲಾದರೆ ಶ್ರುತಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ: ಮೊದಲ ಗುಂಡಿಯಲ್ಲಿ ಸುಮಾರು 6 ಸೆಂಟ್, ಎರಡನೆಯದರಲ್ಲಿ 10. ಎಡ ಮೇಲಿದ್ದಾಗ ಬಲ ಕೆಳಗೆ, ಮಧ್ಯದಲ್ಲಿ ಡ್ರೈ (ಕೋರಸ್ ಸೇರದ) ಸದ್ದು. ಸೈನ್ ಹಾಕಿದರೆ ಶ್ರುತಿ ಎಲ್ಲೂ ನಿಲ್ಲದೆ ತೂಗುತ್ತದೆ. ನಿಮ್ಮ ಸಮುದ್ರ ಅಲ್ಲಿಂದ ಬಂದದ್ದು. ಎರಡು ಬದಿಯ ಎಲ್‌ಎಫ್‌ಒ ನಡುವೆ 180 ಡಿಗ್ರಿ ಇಡಿ, 90 ಅಲ್ಲ.

ಸ್ಯಾಂಪಲ್‌ಗಳ ನಡುವಿನ ಮೌಲ್ಯಕ್ಕೆ ಸರಳರೇಖೆಯ ಇಂಟರ್‌ಪೊಲೇಶನ್ ಬಳಸಬೇಡಿ. ಅರ್ಧ ಸ್ಯಾಂಪಲ್ ಜಾಗದಲ್ಲಿ ಅದು 10,000 ಹರ್ಟ್ಜನ್ನು 2.4 ಡೆಸಿಬೆಲ್ ತಗ್ಗಿಸುತ್ತದೆ, ಪೂರ್ಣ ಸ್ಯಾಂಪಲ್‌ನಲ್ಲಿ ತಗ್ಗಿಸುವುದಿಲ್ಲ. ಡಿಲೇ ಸರಿದಂತೆಲ್ಲ ಟ್ರೆಬಲ್ ಮಿಣುಕುತ್ತದೆ. ನಾಲ್ಕು ಬಿಂದುಗಳ ಹರ್ಮೈಟ್ ಇಂಟರ್‌ಪೊಲೇಶನ್ ಸಾಕು.

ಪ್ರಶ್ನೆ: ನುಡಿಸುವಾಗ ಸಿಪಿಯು ಬಳಕೆ ಕಡಿಮೆ. ಕೀಲಿ ಬಿಟ್ಟು ಸದ್ದು ಅಡಗಿದ ಮೇಲೆ ಒಮ್ಮೆಲೇ ಏರುತ್ತದೆ. ಯಾಕೆ?

ಉತ್ತರ: ಫಿಲ್ಟರ್ ಮತ್ತು ಎನ್ವೆಲಪ್‌ನ (ಸದ್ದಿನ ಮಟ್ಟದ ಏರಿಳಿತ ನಡೆಸುವ ಭಾಗ) ಮೌಲ್ಯಗಳು ಸೊನ್ನೆಯ ಕಡೆಗೆ ಕರಗುತ್ತಾ 10ರ ಮೈನಸ್ 38ನೇ ಘಾತದ ಆಸುಪಾಸಿಗೆ ಇಳಿದಾಗ ಡೀನಾರ್ಮಲ್ ಸಂಖ್ಯೆಗಳಾಗುತ್ತವೆ (ಕಂಪ್ಯೂಟರ್‌ನ ಸಾಮಾನ್ಯ ಸಂಖ್ಯಾರೂಪಕ್ಕೆ ಹಿಡಿಯದಷ್ಟು ಚಿಕ್ಕವು), ಅವುಗಳ ಲೆಕ್ಕ ಹಲವು ಪ್ರೊಸೆಸರ್‌ಗಳಲ್ಲಿ ಬಹಳ ನಿಧಾನ. ಅವನ್ನು ಸೊನ್ನೆಯಾಗಿಸುವ ಫ್ಲಶ್-ಟು-ಝೀರೋ ಆಯ್ಕೆಯನ್ನು ಆನ್ ಮಾಡಿ. ಈಗಾಗಲೇ ಮಾಡಿಯೂ ಫಲವಿಲ್ಲದಿದ್ದರೆ, ಪ್ಲಗಿನ್ ಹುಟ್ಟುವ ಜಾಗದಲ್ಲಿ ಬರೆದಿದ್ದೀರೇನೋ ನೋಡಿ. ಈ ಆಯ್ಕೆ ಥ್ರೆಡ್‌ಗೆ (ಪ್ರೋಗ್ರಾಂನೊಳಗೆ ಪ್ರತ್ಯೇಕವಾಗಿ ಓಡುವ ಒಂದೊಂದು ಕೆಲಸದ ಸಾಲು) ಅಂಟಿಕೊಂಡದ್ದು, ಆ ಜಾಗ ಆಡಿಯೋ ಥ್ರೆಡ್‌ನಲ್ಲಿ ಓಡುವುದಿಲ್ಲ. ಆಡಿಯೋ ಬ್ಲಾಕ್ ಶುರುವಾಗುವ ಮೊದಲ ಸಾಲಿನಲ್ಲೇ ಬರೆಯಿರಿ.