ಮುಂಜಾನೆ ಐದೂವರೆಗೆ ತಾನಾಗಿಯೇ ಏಳುತ್ತಿದ್ದ ಹುಡುಗ

ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹದಿನೈದು ವರ್ಷದ ಹುಡುಗನನ್ನು ತಂದೆ ತಾಯಿ ಇಬ್ಬರೂ ನನ್ನಲ್ಲಿಗೆ ಕರೆತಂದಿದ್ದರು. ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಯಿ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ವೇಪ್ ಅನ್ನು, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟನ್ನು, ಮೇಜಿನ ಮೇಲಿಟ್ಟು, ಮಗನ ಕಂಪಾಸ್ ಪೆಟ್ಟಿಗೆಯಲ್ಲಿ ಅದನ್ನು ಕಂಡಾಗಲೆಲ್ಲ ಪೆನ್‌ಡ್ರೈವ್ ಇರಬೇಕೆಂದು ತಾವೇ ಜೋಪಾನವಾಗಿ ಒಳಗಿಡುತ್ತಿದ್ದುದನ್ನು ಹೇಳಿಕೊಂಡು ಅತ್ತರು. ತಂದೆ ಕೇಳಿದ್ದು ಒಂದೇ ಮಾತು: "ಇವನಿಗೆ ನಾವು ಏನು ಕಡಿಮೆ ಮಾಡಿದ್ದೆವು? ಯಾಕೆ ಹೀಗೆ ಮಾಡಿದ?"

'ಯಾಕೆ' ಎಂಬುದಕ್ಕೆ ಈ ವಯಸ್ಸಿನವರ ಬಳಿ ಸಾಮಾನ್ಯವಾಗಿ ಉತ್ತರವಿರುವುದಿಲ್ಲ. ಆದ್ದರಿಂದ ಹುಡುಗನೊಡನೆ ಪ್ರತ್ಯೇಕವಾಗಿ ಕುಳಿತಾಗ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಪಫ್ ಬೇಕಾಗುತ್ತದೆ ಎಂದಷ್ಟೇ ಕೇಳಿದೆ. "ಎದ್ದ ತಕ್ಷಣ ಮೇಡಂ, ಬಾತ್‌ರೂಮಿನಲ್ಲಿ" ಎಂದ. ಮಗ ಅಲಾರಂ ಇಲ್ಲದೆ ಐದೂವರೆಗೆ ಏಳುತ್ತಾನೆ, ಓದಿನ ಮೇಲೆ ಅಷ್ಟು ಶ್ರದ್ಧೆ ಎಂದು ತಾಯಿ ನೆಂಟರೆದುರು ಹೇಳಿಕೊಳ್ಳುತ್ತಿದ್ದರು. ಅವನನ್ನು ಎಬ್ಬಿಸುತ್ತಿದ್ದುದು ರಾತ್ರಿಯಿಡೀ ಸಿಗದಿದ್ದ ನಿಕೋಟಿನ್. ಎದ್ದ ಐದು ನಿಮಿಷದೊಳಗೇ ಬೇಕೆನಿಸುವುದು ಅವಲಂಬನೆ ಗಾಢವಾಗಿದೆ ಎಂಬುದರ ಸೂಚನೆ.

ಗೆಳೆಯನ ಹುಟ್ಟುಹಬ್ಬದಲ್ಲಿ ಮಾವಿನ ಹಣ್ಣಿನ ರುಚಿಯದೊಂದನ್ನು ಎಳೆದದ್ದರಿಂದ ಶುರುವಾಗಿತ್ತು. "ಇದು ಸಿಗರೇಟಲ್ಲ, ಬರೀ ಆವಿ" ಎಂಬುದು ಅವನ ವಾದ. ಅದು ನೀರಿನ ಆವಿಯಲ್ಲ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎಂಬ ದ್ರವಗಳು ಬಿಸಿಯಾಗಿ ಏಳುವ ಸೂಕ್ಷ್ಮ ಹನಿಗಳ ಮಂಜು, ಅದರಲ್ಲಿ ಫಾರ್ಮಾಲ್ಡಿಹೈಡ್‌ನಂಥ ವಿಷಗಳೂ ದ್ರವವನ್ನು ಕಾಯಿಸುವ ಲೋಹದ ಕಾಯಿಲ್‌ನಿಂದ ಬಿಡುವ ನಿಕಲ್, ಸೀಸದ ಕಣಗಳೂ ಇರಬಹುದು ಎಂದು ವಿವರಿಸಿದೆ. ಹಳೆಯ ಬಗೆಯ ನಿಕೋಟಿನ್ ಹೊಸಬರ ಗಂಟಲನ್ನು ಕೆರೆದು ಕೆಮ್ಮು ಬರಿಸುತ್ತಿತ್ತು, ಅದೊಂದು ತಡೆಯೂ ಆಗಿತ್ತು. ಆಮ್ಲ ಬೆರೆಸಿ ತಯಾರಿಸುವ ನಿಕೋಟಿನ್ ಲವಣದಲ್ಲಿ ಆ ಕೆರೆತ ಕಡಿಮೆಯಾದ್ದರಿಂದ ಹೆಚ್ಚು ಪ್ರಮಾಣ ಸಲೀಸಾಗಿ ಒಳಗಿಳಿಯುತ್ತದೆ. ಅವನ ವೇಪ್‌ನ ದ್ರವ ತುಂಬಿದ ಪುಟ್ಟ ಕೋಶದ, ಅಂದರೆ ಪಾಡ್‌ನ, ಮೇಲೆ ಶೇ. 5 ಎಂದಿತ್ತು, ಅಂದರೆ ಒಂದು ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್.

ಒಂದು ಎಳೆದರೆ ಮಾತ್ರ ಲೆಕ್ಕ ತಲೆಗೆ ಹತ್ತುತ್ತದೆ ಎಂದ. ಬುದ್ಧಿವಂತ ಮಕ್ಕಳಿಗೆ ತಿಳಿಹೇಳಲು ನನಗೆ ಅತ್ಯಂತ ಕಷ್ಟವಾಗುವುದು ಇದೇ. ಸುಮಾರು 25 ವರ್ಷದವರೆಗೆ ಬೆಳೆಯುತ್ತಲೇ ಇರುವ ಮೆದುಳಿನಲ್ಲಿ ಗಮನ, ಕಲಿಕೆ ಮತ್ತು ಸಂಯಮಕ್ಕೆ ಸಂಬಂಧಿಸಿದ ಭಾಗಗಳನ್ನೇ ನಿಕೋಟಿನ್ ಹಿಡಿಯುತ್ತದೆ. ಅದರ ಅಂಶ ಇಳಿದಾಗ ಏಕಾಗ್ರತೆ ಕೆಡುತ್ತದೆ, ಮುಂದಿನ ಪಫ್ ಆ ಕೊರತೆಯನ್ನಷ್ಟೇ ತುಂಬುತ್ತದೆ. ಇದನ್ನು ಕೇಳಿ ಅವನು ಬಹಳ ಹೊತ್ತು ಸುಮ್ಮನಿದ್ದ.

ಅಮೆರಿಕದಲ್ಲಿ 2019-20ರಲ್ಲಿ ವೇಪಿಂಗ್‌ನಿಂದ ಶ್ವಾಸಕೋಶ ಹಾನಿಗೊಂಡು 2,800ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿ 68 ಮಂದಿ ಸತ್ತದ್ದನ್ನು ಹೇಳುವಾಗ, ಅವರಲ್ಲಿ ಬಹುಪಾಲಿನವರು ಗಾಂಜಾದ ಅಂಶವಿದ್ದ ದ್ರವವನ್ನು ಬಳಸಿದ್ದರೆಂಬುದನ್ನೂ ಮರೆಮಾಚಲಿಲ್ಲ. ಮಕ್ಕಳು ಹೊರಗೆ ಹೋಗಿ ಮೊಬೈಲಿನಲ್ಲಿ ನೋಡಿಯೇ ನೋಡುತ್ತಾರೆ. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಉಳಿದ ನಿಜವೂ ನಿಲ್ಲುವುದಿಲ್ಲ. ಫುಟ್‌ಬಾಲ್ ಆಡುವಾಗ ಅವನಿಗೆ ಉಬ್ಬಸ ಬರತೊಡಗಿದ್ದರಿಂದ ಶ್ವಾಸಕೋಶ ತಜ್ಞರಿಗೆ ತೋರಿಸಲು ಚೀಟಿ ಬರೆದುಕೊಟ್ಟೆ.

ತಂದೆಗೆ ಪೊಲೀಸರ ಭಯವಿತ್ತು. 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯ ಗುರಿ ಮುಖ್ಯವಾಗಿ ತಯಾರಕರು ಮತ್ತು ಮಾರಾಟಗಾರರು. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅದಕ್ಕಿಂತ ಯೋಚಿಸಬೇಕಾದ್ದು, ನಿಷೇಧವಿರುವಾಗ ಸಿಗುವುದೆಲ್ಲ ಕಳ್ಳಮಾಲು, ಒಳಗೇನಿದೆ ಎಂದು ಪರೀಕ್ಷಿಸುವವರೇ ಇಲ್ಲ ಎಂಬುದು.

ಹೆತ್ತವರಿಗೆ ನಾನು ಹೇಳಿದ್ದರಲ್ಲಿ ಮೊದಲನೆಯದು, ಅಜ್ಜಿ ಬಯಸಿದಂತೆ ಮನೆದೇವರ ಮುಂದೆ ಆಣೆ ಇಡಿಸಬಾರದು ಎಂಬುದು. ಆಣೆ ಮುರಿದ ಮಗು ಮುಂದಿನದನ್ನೆಲ್ಲ ಮುಚ್ಚಿಡುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನ ತಲೆನೋವು, ಸಿಡುಕು, ನಿದ್ರೆಗೇಡು ಹೆಚ್ಚಾಗಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ, ಅದನ್ನು ಉದ್ಧಟತನವೆಂದು ಎಣಿಸಬೇಡಿ ಎಂದೆ. ಚಟದ ಸೆಳೆತ ಬಂದರೆ ಕೆಲವೇ ನಿಮಿಷ ಇರುತ್ತದೆ. ಆಗ ತಣ್ಣೀರು ಕುಡಿಯುವುದು, ಮನೆಯಿಂದಾಚೆ ನಾಲ್ಕು ಹೆಜ್ಜೆ ನಡೆಯುವುದು, ಇಲ್ಲವೇ ತಂಬಾಕು ಬಿಡಲು ನೆರವಾಗುವ 1800-11-2356 ಸಹಾಯವಾಣಿಗೆ ಕರೆಮಾಡಿ ಕನ್ನಡದಲ್ಲೇ ಮಾತನಾಡುವುದು. ಚಟ ಬಿಡಲು ಅಗಿಯುವ ನಿಕೋಟಿನ್ ಗಮ್ ಅನ್ನು ಮೆಡಿಕಲ್ ಶಾಪಿನಿಂದ ತಾವಾಗಿಯೇ ತರಬಾರದು, ಈ ವಯಸ್ಸಿಗೆ ವೈದ್ಯರ ನಿರ್ಧಾರ ಬೇಕು. ಉಳಿದ ಹುಡುಗರ ಹೆಸರನ್ನು ಇವನಿಂದ ಬಾಯಿಬಿಡಿಸುವ ಪ್ರಯತ್ನವನ್ನೂ ಕೈಬಿಡಿಸಿದೆ. ಅಪ್ಪ ದಿನವೂ ಟೆರೇಸ್ ಮೇಲೆ ಎರಡು ಸಿಗರೇಟು ಸೇದುತ್ತಾರೆ ಎಂಬ ಮಗನ ದೂರನ್ನು ಅವನ ಒಪ್ಪಿಗೆ ಪಡೆದೇ ತಂದೆಯ ಮುಂದಿಟ್ಟೆ. ಅವರು ಉತ್ತರಿಸಲಿಲ್ಲ, ಆದರೆ ಮುಂದಿನ ಭೇಟಿಗೆ ತಮಗೂ ಪ್ರತ್ಯೇಕ ಸಮಯ ಕೇಳಿದರು.

ಮೂರನೆಯ ವಾರ ಹುಡುಗ ಗೆಳೆಯನ ಮನೆಯಲ್ಲಿ ಎರಡು ಬಾರಿ ಎಳೆದು, ಮನೆಗೆ ಬಂದು ತಾನೇ ತಾಯಿಗೆ ಹೇಳಿದ್ದ. ಎಲ್ಲ ಹಾಳಾಯಿತೆಂದು ಅವರು ಫೋನ್ ಮಾಡಿದಾಗ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದಾನೆ ಎಂದು ವಿಚಾರಿಸಿದೆ. "ಅದೊಂದು ಬೇರೆ ತಲೆನೋವು ಮೇಡಂ, ಏಳಾದರೂ ಎಬ್ಬಿಸಲಾಗುವುದಿಲ್ಲ" ಎಂದರು. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿತ್ತು. ಸದ್ಯ ಹಾಗೆಯೇ ಮಲಗಲು ಬಿಡಿ ಎಂದೆ.